ತನುಜಾಳ ಗಡಿಯಾರ ಮತ್ತು ನೀವು ಕುಡಿದ ಎರಡು ಲೋಟ ಪಾನಕ

ಮಾನ್ಯ ತೀರ್ಪುಗಾರ ಅಧಿಕಾರಿಗಳೇ,

ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಎಂಟನೇ ತರಗತಿಯ ತನುಜಾಳ ಗಡಿಯಾರಕ್ಕೆ ತಾವು ಸೊನ್ನೆ ದಯಪಾಲಿಸಿದ್ದೀರಿ. ‘ಮಾದರಿಯು ಚಾಲನೆಯಲ್ಲಿಲ್ಲ’ ಎಂದು ಷರಾ ಬೇರೆ. ನಿಜ ಸ್ವಾಮಿ, ಇರಲಿಲ್ಲ. ಅದನ್ನು ಓಡಿಸಬೇಕಿದ್ದ ನಾಲ್ಕು ಗಜನಿಂಬೆಗಳು ಆ ಹೊತ್ತಿಗೆ ತಮ್ಮ ಹೊಟ್ಟೆಯಲ್ಲಿದ್ದವು.

ಹಾಕಿದವಳು ನಾನೇ, ಶಾಲೆಯ ಅಡುಗೆಯವಳು. ತಾವು ಹತ್ತಕ್ಕೆ ಬರುತ್ತೇನೆಂದು ಹನ್ನೆರಡೂವರೆಗೆ ಬಂದಿರಿ. ಕರೆಂಟ್ ಇಲ್ಲ, ಫ್ಯಾನ್ ಇಲ್ಲ, ತಮ್ಮ ಅಂಗಿಯೆಲ್ಲ ಬೆವರು. ನಮ್ಮ ಸಿದ್ದಾಪುರದ ಕಡೆ ಬಂದವರಿಗೆ ಮೊದಲು ಆಸರಿಗೆ ಕೊಟ್ಟು ಆಮೇಲೆ ಬಂದ ಕೆಲಸ ಕೇಳುವುದು. ಕುಡಿಯಲು ಏನೂ ಕೊಡದೆ ಅಧಿಕಾರಿಯನ್ನು ನಿಲ್ಲಿಸಿದರು ಎಂದರೆ ಊರಿನ ಮರ್ಯಾದೆ ಏನಾಗಬೇಕು? ಮೇಜಿನ ಮೇಲೆ ಬಟ್ಟಲಲ್ಲಿ ತೊಳೆದಿಟ್ಟ ಹಣ್ಣು ಕಂಡಿತು. ಯಾರೋ ತಮಗಾಗಿಯೇ ತಂದಿದ್ದಾರೆಂದು ಹಿಂಡಿಬಿಟ್ಟೆ.

ಹುಡುಗಿ ಮೂರು ವಾರ ನನ್ನ ಅಡುಗೆಮನೆಯಲ್ಲೇ ಟೊಮೆಟೊ, ಆಲೂಗಡ್ಡೆ, ಬಿಂಬಲಕಾಯಿಗೆಲ್ಲ ತಾಮ್ರದ ತಂತಿ, ಸತುವಿನ ಮೊಳೆ ಚುಚ್ಚಿ ಎಷ್ಟು ಕರೆಂಟ್ ಬರುತ್ತದೆಂದು ನೋಡಿದ್ದಳು. ಕೊನೆಗೆ ಗಜನಿಂಬೆಯೇ ಗಟ್ಟಿ ಎಂದು ಅಂದು ಬೆಳಿಗ್ಗೆಯಷ್ಟೇ ಹೆಗ್ಗರಣೆಯ ಅಜ್ಜಿಮನೆಯಿಂದ ತಂದಿದ್ದಳಂತೆ. ನನಗೇನು ಕನಸೇ? ಗಾಬರಿಯಾಗಬೇಡಿ, ಮೊಳೆ ಇನ್ನೂ ಚುಚ್ಚಿರಲಿಲ್ಲ.

ಅವಳು ಮೊಳೆ ಹಿಡಿದು ಬಂದಾಗ ಬಟ್ಟಲು ಖಾಲಿ. ತಮ್ಮ ಕೈಯಲ್ಲಿದ್ದ ಲೋಟ ನೋಡಿದಳು, ನನ್ನ ಮುಖ ನೋಡಿದಳು. “ಹೊನ್ನಕ್ಕ, ಇನ್ನೆಂತ ಮಾಡೂದು?” ಎಂದಳು, ಅಷ್ಟೇ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲೇ ತಮ್ಮೆದುರು ತಪ್ಪು ಒಪ್ಪಿಕೊಂಡೆ. ತಾವು ನಕ್ಕು, “ಪಾನಕ ಚೆನ್ನಾಗಿತ್ತಮ್ಮ” ಎಂದು ಹೇಳಿ ಸೊನ್ನೆ ಬರೆದಿರಿ.

ಪಕ್ಕದ ಮೇಜಿನ ಗಾಳಿಯಂತ್ರ ತಿರುಗುತ್ತಿತ್ತೇ? ಅಣೆಕಟ್ಟಿನ ಮೋಟಾರು ನೀರೆತ್ತಿತೇ? ‘ಕರೆಂಟ್ ಬಂದರೆ ಓಡುತ್ತದೆ’ ಎಂದದ್ದಕ್ಕೇ ಅವಕ್ಕೆ ಒಂಬತ್ತು, ಎಂಟು ಅಂಕ. ‘ಲಿಂಬೆಹಣ್ಣು ಬಂದರೆ ಓಡುತ್ತದೆ’ ಎಂದರೆ ಮಾತ್ರ ಕಾನೂನು ಅಡ್ಡ ಬರುತ್ತದೆಯೇ? ಕರೆಂಟ್ ಇಲ್ಲದ ಕೋಣೆಯಲ್ಲಿ, ಕರೆಂಟೇ ಬೇಡದ ಒಂದೇ ಒಂದು ಮಾದರಿಗೆ ಸೊನ್ನೆ ಕೊಡುವ ವಿಜ್ಞಾನ ಯಾವ ಪುಸ್ತಕದಲ್ಲಿದೆ, ತಿಳಿಸಿದರೆ ನಾವೂ ಓದಿಕೊಳ್ಳುತ್ತೇವೆ.

ಶಿರಸಿಯ ಜಿಲ್ಲಾ ಪ್ರದರ್ಶನಕ್ಕೆ ಹೆಸರುಗಳು ಶನಿವಾರ ಹೋಗುತ್ತವೆ. ತನುಜಾ ಅದಕ್ಕೆಂದು ಹೊಸ ರಿಬ್ಬನ್ ಕೂಡ ತೆಗೆದಿಟ್ಟಿದ್ದಾಳೆ. ತಿದ್ದುವ ಪೆನ್ನು ತಮ್ಮದೇ, ದಯವಿಟ್ಟು ಶುಕ್ರವಾರದೊಳಗೆ ಇನ್ನೊಮ್ಮೆ ಬನ್ನಿ. ಮರುದಿನವೇ ನಾನು ಅದೇ ಅಜ್ಜಿಮನೆಯ ಮರದ ನಾಲ್ಕು ಹಣ್ಣು ತಂದುಕೊಟ್ಟೆ. ಅಂದಿನಿಂದ ಗಡಿಯಾರ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಓಡುತ್ತಿದೆ, ಅನ್ನಕ್ಕೆ ಅಕ್ಕಿ ಹಾಕುವುದೂ ಈಗ ಅದನ್ನು ನೋಡಿಯೇ. ತಾವು ಬಂದಾಗ ಎಷ್ಟು ತಡವಾಯಿತೆಂದು ಅದೇ ಹೇಳುತ್ತದೆ.

ಆಸರಿಗೆ ಈ ಸಲ ಬೆಲ್ಲ, ನೀರು ಮಾತ್ರ.

ಇಂತಿ,
ಒಂದು ಮಗುವಿನ ವಿದ್ಯುತ್ತಿಗೆ ಸಕ್ಕರೆ, ಏಲಕ್ಕಿ ಹಾಕಿ ಕದಡಿ, ಸಾಲದೆಂದು ತಮಗೆ ಎರಡನೇ ಲೋಟಕ್ಕೂ ಒತ್ತಾಯ ಮಾಡಿದ
ಹೊನ್ನಿ