ಅವ್ವ ಕೂಡಿಟ್ಟ ಚೀಟಿಗಳು

ಮಾಸೂರು,
ಶುಕ್ರವಾರ

ಮೃಣಾಲಿನಿ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಸಂಘ ನಮ್ಮೂರಿನ ಪ್ರತಿಯೊಬ್ಬರಿಗೂ ತಿಂಗಳಿಗೊಮ್ಮೆ ಕೊಡುವ, ಊರೊಳಗೆ ಮಾತ್ರ ನಡೆಯುವ ದುಡ್ಡಿನ ಚೀಟಿಗಳನ್ನು ಅವ್ವ ಒಂದು ವರ್ಷದಿಂದ ಖರ್ಚೇ ಮಾಡಿಲ್ಲ. ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಇಡುತ್ತ ಬಂದಿದ್ದಾಳೆ. ದ್ಯಾಮಪ್ಪ ಕಾಕಾನ ಎಮ್ಮೆ ಕರು ಕೊಳ್ಳುವುದು ಅವಳ ಆಸೆ.

ಮೂರು ತಿಂಗಳಾದ ಮೇಲೆ ಚೀಟಿ ನಡೆಯುವುದಿಲ್ಲ ಎಂಬ ನಿಯಮವನ್ನು ಓಣಿ ಓಣಿಗೆ ಹೋಗಿ ಓದಿ ಹೇಳಿದವಳು ನಾನೇ. ಮನೆಯಲ್ಲಿ ಮಾತ್ರ ಹೇಳಲಿಲ್ಲ. ಹೊಸದಕ್ಕೆ ಪೂಜೆ ಮಾಡಿ ಹಳೆಯದನ್ನು ಖರ್ಚು ಮಾಡುತ್ತಾಳೆ ಅಂದುಕೊಂಡಿದ್ದೆ.

ನಿನ್ನೆ ಅವ್ವ ತೋರಿಸಿದ ಚೀಟಿಗಳ ತಾರೀಖು ನೋಡಿದ ಕಾಕಾ, ಅವಳಿಗೆ ಏನೂ ಹೇಳದೆ ನನ್ನನ್ನು ಕರೆದರು.

"ಶ್ವೇತವ್ವ, ಕಡೀ ಮೂರು ತಿಂಗಳದ್ದು ಬಿಟ್ರ ಇವೆಲ್ಲಾ ಸತ್ತ ಚೀಟಿ. ಅಕ್ಕಗ ಹೇಳಾಕ ನಂಗ ಬಾಯಿ ಬರವಲ್ದು. ನೀ ಓದಿದಾಕಿ, ನೀನ ಹೇಳವಾ."

ನನಗೂ ಬಾಯಿ ಬರಲಿಲ್ಲ.

ಆ ಚೀಟಿಗಳನ್ನು ಇದೊಂದು ಸಲ ಬದಲಿಸಿಕೊಡಲು ಆಗುತ್ತದೆಯೇ? ನಿಯಮ ಎಲ್ಲರಿಗೂ ಒಂದೇ ಎಂದು ಓದಿದವಳೂ ನಾನೇ, ಗೊತ್ತು. ಆಗದಿದ್ದರೆ, ಸೋಮವಾರ ಚೀಟಿ ಹಂಚಲು ಬಂದಾಗ ನೀವೇ ಅವ್ವನಿಗೆ ತಿಳಿಸಿ. ದಯವಿಟ್ಟು ಮಧ್ಯಾಹ್ನದ ಮೇಲೆ ಬನ್ನಿ. ಬೆಳಿಗ್ಗೆ ಅವಳು ಆ ಕರುವಿಗೆ ಹುಲ್ಲು ಹಾಕಲು ಹೋಗಿರುತ್ತಾಳೆ.

ಇತಿ,
ಸುಶೀಲವ್ವನ ಮಗಳು
ಶ್ವೇತಾ