ಸೀಟಿನ ಹಿಂದಿನ ಟ್ಯಾಂಕು

ಮೇ ೧೩, ಭಾನುವಾರ

ನನ್ನ ಪ್ರೀತಿಯ ಪುಟ್ಟಿಗೆ,

ನಿನ್ನ ಅಕ್ಕ ಇನ್ನೂ ಬದುಕಿದ್ದಾಳೆ, ಗಾಬರಿಯಾಗಬೇಡ. ನಿನ್ನ ಮೂರು ಕಾಗದಗಳು ಬಂದು ಹೊಲಿಗೆ ಯಂತ್ರದ ಪಕ್ಕ ಕೂತಿವೆ, ದಾರದ ಉಂಡೆ ತೆಗೆಯುವಾಗೆಲ್ಲ ನನ್ನನ್ನೇ ನೋಡುತ್ತವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ತಪ್ಪಾಯಿತು ಕಣೇ, ಹೊಟ್ಟೆಗೆ ಹಾಕಿಕೋ. ಅಜ್ಜಿಯಾದರೂ ನಿನ್ನ ಮೂಗಿನ ತುದಿಯ ಕೋಪ ಹೋಗಿಲ್ಲ ಅಂತ ನಿನ್ನ ಮಗನೇ ಬರೆದಿದ್ದ. ಶಾಲೆ ತೆರೆಯುವ ಮುಂಚಿನ ಈ ತಿಂಗಳುಗಳಲ್ಲಿ ಸಮವಸ್ತ್ರ ಹೊಲಿದು ಹೊಲಿದು ನನ್ನ ಕಣ್ಣಿನ ಮುಂದೆ ನೀಲಿ ಬಣ್ಣ ಬಿಟ್ಟು ಬೇರೇನೂ ಇರುವುದಿಲ್ಲ. ಮೊಮ್ಮಗಳಿಗೆ ಹಲ್ಲು ಬಂತೇ? ಕಚ್ಚುತ್ತಾಳೆ ಅಂದರೆ ನಿನ್ನ ಹಾಗೇ ಅಂತ ಲೆಕ್ಕ.

ಇಲ್ಲಿಯ ದೊಡ್ಡ ಸುದ್ದಿ ಅಂದರೆ ನಿನ್ನ ಭಾವ ಹಳೇ ಪಿಕಪ್ಪಿನ ಟಾರ್ಪಾಲು ತೆಗೆದರು.

ಹನ್ನೊಂದು ವರ್ಷದಿಂದ ಅದು ಅವರ ಮರಗೆಲಸದ ಶೆಡ್ಡಿನ ಹಿಂದೆ ಹೊದ್ದು ಮಲಗಿತ್ತು. ನಮ್ಮ ಹುಡುಗಿ ಹೋದ ಮೇಲೆ ಅವರು ಅದರ ಬೀಗದಕೈ ಮುಟ್ಟಲಿಲ್ಲ. ತಾವು ಮಾಡಿದ ಬಾಗಿಲು, ಕಿಟಕಿಗಳನ್ನೆಲ್ಲ ಯಾರದೋ ಗಾಡಿಯಲ್ಲಿ ಹಾಕಿ ಕಳಿಸುತ್ತಿದ್ದರು. ಮಾರೋಣ ಅಂತ ನಾನೂ ಅನ್ನಲಿಲ್ಲ, ಅವರೂ ಅನ್ನಲಿಲ್ಲ. ಅಡುಗೆಮನೆ ಕಿಟಕಿಯಿಂದ ಅದು ಕಾಣದ ಹಾಗೆ ನಾನು ಪರದೆ ಹೊಲಿದು ಹಾಕಿದೆ, ಅಷ್ಟೇ.

ಜನವರಿಯಲ್ಲಿ ಗಿಡ ಬೆಳೆಸಿ ಮಾರುವ ಗಂಡ ಹೆಂಡತಿ ಮನೆಗೆ ಬಂದರು. ಜೊತೆಗೆ ನಾಲ್ಕು ವರ್ಷದ ಮಗಳು. ಹಳೇ ಗಾಡಿ ಇದೆಯಂತೆ, ಕೊಡುತ್ತೀರಾ ಅಂತ ಕೇಳಿದರು. ನಿನ್ನ ಭಾವ, ನೋಡಿ ಹೋಗಿ ಅಂದರು. ಟಾರ್ಪಾಲು ಎಳೆದಾಗ ಧೂಳಿನ ಜೊತೆ ನನ್ನ ಎದೆಯೂ ಹಾರಿತು. ಆ ಮಗು ಕೇಳದೆ ಕಾಯದೆ ಹತ್ತಿ ಸೀಟಿನ ನಡುವೆ ಕೂತುಬಿಟ್ಟಿತು. ಇವರ ಮುಖ ಬಿಳಿಚಿಕೊಂಡಿತು. ಮಗುವನ್ನು ತಾವೇ ಎತ್ತಿ ಕೆಳಗಿಳಿಸಿ, ಈಗ ಕೊಡುವುದಿಲ್ಲ, ಮೇ ತಿಂಗಳಲ್ಲಿ ಬನ್ನಿ ಅಂದರು. ಏನಾದರೂ ರಿಪೇರಿ ಇದೆಯಾ ಅಂತ ಆ ಮನುಷ್ಯ ಕೇಳಿದ. "ಟ್ಯಾಂಕಿನ ಜಾಗ ಬದಲಾಯಿಸಬೇಕು. ಮಗು ಕೂರುವ ಗಾಡಿ," ಅಂದರು.

ಆ ಕಾಲದ ಪಿಕಪ್ಪುಗಳಲ್ಲಿ ಪೆಟ್ರೋಲ್ ಟ್ಯಾಂಕು ಕ್ಯಾಬಿನ್ನಿನ ಒಳಗೇ, ಸೀಟಿನ ಬೆನ್ನಿಗೆ ಅಂಟಿಕೊಂಡೇ ಇರುತ್ತಿತ್ತು. ನೀನೇ ಎಷ್ಟು ಸಲ ಕೂತಿಲ್ಲ! ತಿರುವು ಬಂದರೆ ಬೆನ್ನಿಗೆ ಗುಳುಗುಳು ಅನ್ನೋದು. ಹುಡುಗಿ ಚಿಕ್ಕವಳಿದ್ದಾಗ ಸೀಟಿಗೆ ಕಿವಿಯಿಟ್ಟು ಗಾಡಿಗೆ ಹೊಟ್ಟೆನೋವು ಅನ್ನುತ್ತಿದ್ದಳು. ಬಿಸಿಲು ಕಾಲದಲ್ಲಿ ವಾಸನೆಯೂ ಬರುತ್ತಿತ್ತು, ಸುಳ್ಳಲ್ಲ.

ಆ ಶನಿವಾರದ ಸಂಗತಿ ನಿನಗೆ ಗೊತ್ತಿರುವುದೇ. ಹತ್ತೊಂಬತ್ತು ವರ್ಷದವಳು, ಮಧ್ಯಾಹ್ನ ಉಸಿರು ಕಟ್ಟಿಕೊಂಡಿತು. ಚಿಕ್ಕಂದಿನಿಂದ ಇದ್ದ ತೊಂದರೆಯೇ, ಆದರೆ ಆವತ್ತಿನ ಹಾಗೆ ಎಂದೂ ಆಗಿರಲಿಲ್ಲ. ಪಿಕಪ್ಪಿನಲ್ಲಿ ಮೂವರೂ ಹೊರಟೆವು, ಇವರು ಸ್ಟೀರಿಂಗಿನ ಮುಂದೆ, ಅವಳು ನಡುವೆ, ನಾನು ಬಾಗಿಲ ಕಡೆ. ಸೇತುವೆ ಹತ್ತುವಾಗ ಅವಳು, "ಅಪ್ಪಾ, ಕಿಟಕಿ ಇಳಿಸು, ವಾಸನೆ," ಅಂದಳು. ಅದಾದ ಮೇಲೆ ಅವಳ ಬಾಯಿಂದ ಮಾತು ಬರಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಂಥ ಖಾಯಿಲೆಗೆ ಧೂಳು, ಹೊಗೆ, ಗಾಟು ವಾಸನೆ, ಯಾವುದು ಬೇಕಾದರೂ ನೆಪವಾಗಬಹುದು ಅಂತ ಡಾಕ್ಟರು ಹೇಳಿದರು. ಅಷ್ಟು ಮಾತಿನಲ್ಲಿ ನಿನ್ನ ಭಾವ ಒಂದನ್ನೇ ಹಿಡಿದುಕೊಂಡರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, "ಆ ಟ್ಯಾಂಕೇ ಅವಳನ್ನು ತಿಂದಿತು. ತೆಗೆಸು ತೆಗೆಸು ಅಂತ ಎಲ್ಲರೂ ಹೇಳಿದ್ದರು, ನಾನು ತೆಗೆಸಲಿಲ್ಲ," ಅಂದರು. ಆಮೇಲೆ ಹನ್ನೊಂದು ವರ್ಷ ಆ ಮಾತು ಎತ್ತಲಿಲ್ಲ.

ಇನ್ನು ಕೆಲಸದ ವಿಷಯ ಕೇಳು. ಮರ ಕುಯ್ಯುವ ಕೈ ಕಬ್ಬಿಣಕ್ಕೆ ಹೊಸದು. ಪಕ್ಕದ ಬೀದಿಯ ಮೆಕ್ಯಾನಿಕ್ಕನನ್ನು ಕರೆಸಿದರು. ನಮ್ಮ ಹುಡುಗಿ 'ಸ್ಪ್ಯಾನರ್ ಮಾಮ' ಅಂತ ಹೆಸರಿಟ್ಟಿದ್ದಳಲ್ಲ, ಆತನೇ. ಈಗ ಇಡೀ ಬೀದಿಗೆ ಅವನು ಸ್ಪ್ಯಾನರ್ ಮಾಮ, ಹೆಂಡತಿಯೂ ಹಾಗೇ ಕರೆಯುತ್ತಾಳೆ. ಮೊದಲು ಹಳೇ ಪೆಟ್ರೋಲು ಬಸಿದರು, ಕೊಳೆತು ವಾರ್ನಿಷ್ಷಿನ ಹಾಗಾಗಿತ್ತು. ಸೀಟು ಕಳಚಿ ನನ್ನ ಜಗಲಿಗೆ ತಂದಿಟ್ಟರು. ಟ್ಯಾಂಕಿನ ಪಟ್ಟಿಗಳ ಬೋಲ್ಟುಗಳು ತುಕ್ಕು ಹಿಡಿದು ಒಂದೊಂದೂ ಒಂದೊಂದು ದಿನ ತಿಂದವು. ಕೊನೆಗೆ ಇಬ್ಬರೂ ಸೇರಿ ಅದನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದು ಶೆಡ್ಡಿನ ಮುಂದೆ ಇಳಿಸಿದರು.

ಇಷ್ಟು ಆದ ಮೇಲೆ ಅದನ್ನು ಗುಜರಿಗೆ ಹಾಕಿ ಹೊಸ ಟ್ಯಾಂಕು ಕೂರಿಸಬೇಕು ತಾನೇ? ಇವರು ಹಾಗೆ ಮಾಡಲಿಲ್ಲ. ಒಳಗೆ ತೊಳೆದು, ಅಂಚಿನವರೆಗೂ ನೀರು ತುಂಬಿ, ಎರಡು ಇಟ್ಟಿಗೆಯ ಮೇಲಿಟ್ಟು, ಸ್ಟೂಲು ಹಾಕಿಕೊಂಡು ಮುಂದೆ ಕೂತರು. ಕೆಳಗೆ ಒಣ ಸಿಮೆಂಟು ಹರಡಿದ್ದರು, ಒಂದು ಹನಿ ಬಿದ್ದರೂ ಕಾಣಲಿ ಅಂತ. ಬೆಳಿಗ್ಗೆಯಿಂದ ಸಂಜೆವರೆಗೆ ಕೂತರು. ಹನಿ ಬೀಳಲಿಲ್ಲ. ಮಾರನೇ ದಿನ ನೀರು ಚೆಲ್ಲಿ, ಸೋಪಿನ ನೊರೆ ಹಚ್ಚಿ, ಒಳಗೆ ಗಾಳಿ ತುಂಬಿ, ಬೆಸುಗೆಯ ಗೆರೆಯನ್ನು ಒಂದೊಂದು ಬೆರಳಗಲ ನೋಡಿದರು. ಗುಳ್ಳೆ ಏಳಲಿಲ್ಲ. ನಾನು ಕಾಲರಿಗೆ ಹೊಲಿಗೆ ಹಾಕುತ್ತ ಕಿಟಕಿಯಿಂದ ನೋಡುತ್ತಿದ್ದೆ. ಸೂಜಿ ಎರಡು ಸಲ ಬೆರಳಿಗೆ ಹೋಯಿತು.

ಸ್ಪ್ಯಾನರ್ ಮಾಮ ಬಂದು ಟ್ಯಾಂಕನ್ನು ಗೆಣ್ಣಿನಿಂದ ಬಡಿದು ನೋಡಿ, ಕಲ್ಲು ಇದ್ದ ಹಾಗಿದೆ, ಇನ್ನೂ ನಲವತ್ತು ವರ್ಷ ಬರುತ್ತದೆ ಅಂತ ಸಂತೋಷದಿಂದಲೇ ಹೇಳಿದ. ಪಾಪ, ಅವನಿಗೇನು ಗೊತ್ತು. ನಿನ್ನ ಭಾವನ ಮುಖ ನೋಡಬೇಕಿತ್ತು. ತೂತು ಸಿಕ್ಕಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತೇನೋ. "ಹಾಗಾದರೆ ಮುಚ್ಚಳದ ರಬ್ಬರು ಹೋಗಿತ್ತು," ಅಂದರು. ರಬ್ಬರು ತೆಗೆದು ನೋಡಿದರೆ ಅದೂ ನೆಟ್ಟಗಿತ್ತು. "ಆಗ ಬೇರೆ ರಬ್ಬರು ಇದ್ದಿರಬೇಕು," ಅಂದರು. ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಅವರನ್ನು ನಾನು ಎಷ್ಟು ಸಲ ಛೇಡಿಸಿದ್ದೇನೆ. ಈ ಸಲ ನಗು ಬರಲಿಲ್ಲ. ಒಳಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ.

ಫೆಬ್ರವರಿ, ಮಾರ್ಚಿ ಎಲ್ಲ ಹೊಸ ಟ್ಯಾಂಕಿಗೆ ಹೋಯಿತು. ಬೇರೊಂದು ಗಾಡಿಯ ಚಪ್ಪಟೆ ಟ್ಯಾಂಕು ತಂದು, ಹಿಂಭಾಗದ ಹಲಗೆಗಳ ಕೆಳಗೆ, ಚಾಸಿಯ ಎರಡು ಕಬ್ಬಿಣದ ತೊಲೆಗಳ ನಡುವೆ ಕೂರಿಸಬೇಕು. ಅಲ್ಲಿದ್ದ ಸ್ಟೆಪ್ನಿ ಚಕ್ರ ಮೇಲಕ್ಕೆ ಬಂತು. ಇವರು ಮೊದಲು ಮರದಲ್ಲಿ ಅದೇ ಅಳತೆಯ ಟ್ಯಾಂಕು ಮಾಡಿ, ಇಟ್ಟು ನೋಡಿ, ಆಮೇಲೆ ಪಟ್ಟಿ ಬಗ್ಗಿಸಿದರು. ಪೆಟ್ರೋಲಿನ ಪೈಪನ್ನು ಸೈಲೆನ್ಸರಿನ ಬಿಸಿ ತಾಗದಂತೆ ಇನ್ನೊಂದು ಮಗ್ಗುಲಿನಿಂದ ಎಳೆದರು. ಪೆಟ್ರೋಲು ಹಾಕುವ ಬಾಯಿಗೆ ಹಿಂದಿನ ಹಲಗೆಯಲ್ಲಿ ಒಂದು ಪುಟ್ಟ ಬಾಗಿಲು ಮಾಡಿ ಹಿತ್ತಾಳೆ ಕೀಲು ಜೋಡಿಸಿದ್ದಾರೆ, ಆಭರಣದ ಪೆಟ್ಟಿಗೆಯ ಹಾಗಿದೆ. ಮೊದಲು ಪೆಟ್ರೋಲು ಹಾಕುತ್ತಿದ್ದ, ಕ್ಯಾಬಿನ್ನಿನ ಗೋಡೆಯ ಹಳೇ ತೂತಿಗೆ ತಗಡು ಬೆಸೆದು ಉಜ್ಜಿ ಬಣ್ಣ ಬಳಿದರು. ಅಲ್ಲಿ ಏನೋ ಇತ್ತು ಅಂತ ಈಗ ಯಾರಿಗೂ ತಿಳಿಯುವುದಿಲ್ಲ. ಸೀಟಿಗೆ ನಾನೇ ಹೊಸ ರೆಕ್ಸಿನ್ನು ಹೊಲಿದೆ. ಬಿಚ್ಚಿ ಹೊಲಿಯುವಾಗ ನಡುವಿನ ಭಾಗದ ಮೇಲೆ ಕೈ ಓಡಲಿಲ್ಲ. ಅದೊಂದಕ್ಕೆ ಮೂರು ದಿನ ಹಿಡಿಯಿತು.

ಏಪ್ರಿಲಿನಲ್ಲಿ ಮೊದಲ ಸಲ ಇಂಜಿನು ಶುರುಮಾಡಿದರು. ಐದು ನಿಮಿಷ ಚೆನ್ನಾಗಿಯೇ ಓಡಿ, ಏದುಸಿರು ಬಿಟ್ಟು ನಿಂತುಹೋಯಿತು. ಮತ್ತೆ ಶುರುಮಾಡಿದರೆ ಮತ್ತೆ ಹಾಗೇ. ಸ್ಪ್ಯಾನರ್ ಮಾಮ ಹಿಂದೆ ಹೋಗಿ ಮುಚ್ಚಳ ತಿರುಗಿಸಿದಾಗ ಸುಂಯ್ ಅಂತ ಗಾಳಿ ಎಳೆದುಕೊಂಡಿತು. "ಅಣ್ಣಾ, ಒಳಗೆ ಗಾಳಿ ಹೋಗೋಕೆ ನಳಿಗೆ ಇಟ್ಟಿಲ್ಲ. ಉಸಿರಾಡದೆ ಪೆಟ್ರೋಲು ಹೇಗೆ ಬಿಡುತ್ತೆ?" ಅಂದ. ಅವನು ಕೆಲಸದ ಮಾತನ್ನೇ ಆಡಿದ್ದು. ನಿನ್ನ ಭಾವ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಶೆಡ್ಡಿನ ಒಳಗೆ ಹೋದವರು ಆ ದಿನ ಹೊರಗೆ ಬರಲಿಲ್ಲ. ಊಟದ ತಟ್ಟೆ ಅಲ್ಲೇ ಕೊಟ್ಟು ಬಂದೆ.

ನಳಿಗೆ ಇಟ್ಟಾಯಿತು, ಗಾಡಿ ಈಗ ನಿಲ್ಲದೆ ಓಡುತ್ತದೆ. ಗಿಡದವರು ಬುಧವಾರ ಬಂದು ತೆಗೆದುಕೊಂಡು ಹೋಗುತ್ತಾರೆ. ಇವತ್ತು ಬೆಳಿಗ್ಗೆ ಇವರು ಕ್ಯಾಬಿನ್ನಿನ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಅರ್ಧ ಗಂಟೆ ಒಬ್ಬರೇ ಒಳಗೆ ಕೂತಿದ್ದರು. ಆಮೇಲೆ ನನ್ನನ್ನು ಕರೆದು, ಮೂಸಿ ನೋಡು ಅಂದರು. ತಲೆ ಒಳಗೆ ಹಾಕಿದೆ. ಹೊಸ ರೆಕ್ಸಿನ್ನಿನ ವಾಸನೆ, ಬಣ್ಣದ ವಾಸನೆ, ಅಷ್ಟೇ. ಪೆಟ್ರೋಲಿನ ಸುಳಿವೇ ಇಲ್ಲ. ಇಲ್ಲ ಅಂದೆ. ಅವರ ಕಣ್ಣು ತುಂಬಿಕೊಂಡಿತು.

"ನಾಲ್ಕು ತಿಂಗಳ ಕೆಲಸ ನೋಡು. ಇಷ್ಟೇ ಇದ್ದದ್ದು. ಆಗಲೇ ಮಾಡಿದ್ದರೆ ಈಗ ಅವಳಿಗೆ ಮೂವತ್ತು," ಅಂದರು.

ಕೊಡುವ ಮುಂಚೆ ನಾಳೆ ಒಂದು ಸಲ ಇಬ್ಬರೂ ಸೇತುವೆಯವರೆಗೆ ಹೋಗಿ ಬರೋಣ ಅಂತ ಕೇಳಿದರು. ಹೂಂ ಅಂದಿದ್ದೇನೆ.

ಇಷ್ಟು ಸಾಕು, ಕೈ ನೋಯುತ್ತಿದೆ. ನಿನ್ನ ಸಕ್ಕರೆ ಖಾಯಿಲೆಯ ಮಾತ್ರೆ ತಪ್ಪಿಸಬೇಡ. ನಿನ್ನ ಮನೆಯವರಿಗೆ ನನ್ನ ನಮಸ್ಕಾರ ಹೇಳು. ಸೊಸೆಗೆ, ಮಗನಿಗೆ, ಆ ಹಲ್ಲಿನ ರಾಣಿಗೆ ನೂರು ಕಾಲ ಆಯುಸ್ಸು, ಆರೋಗ್ಯ ಸಿಗಲಿ. ನಿನ್ನ ಮನೆಯ ನಗು ಹಾಗೇ ಇರಲಿ.

ಇಂತಿ ನಿನ್ನ,
ಅಕ್ಕ

ಮರೆತ ಮಾತು — ಸೋಮವಾರ, ಮಧ್ಯಾಹ್ನ

ಪುಟ್ಟೀ, ಮರೆತದ್ದಲ್ಲ. ಬರೆಯಲಾರದೆ ಬಿಟ್ಟದ್ದು. ಕಾಗದ ಅಂಚೆಗೆ ಹಾಕಲಿಲ್ಲ, ಮತ್ತೆ ಬಿಚ್ಚಿದ್ದೇನೆ.

ಆ ಶನಿವಾರಕ್ಕೆ ಎರಡು ದಿನ ಮುಂಚೆ, ಗುರುವಾರವೇ ನಮ್ಮ ಹುಡುಗಿ, ಅಮ್ಮಾ, ಉಸಿರಿನ ಔಷಧಿ ಮುಗಿಯುತ್ತಾ ಬಂತು ಅಂದಿದ್ದಳು. ನಾನು ಆವತ್ತು ದಾರ ತರಲು ಅಂಗಡಿಗೆ ಹೋಗಿದ್ದೆ. ಔಷಧಿ ಅಂಗಡಿ ಅದರ ಪಕ್ಕದ್ದೇ. ಎರಡೂ ಕೈಯಲ್ಲಿ ಬಟ್ಟೆಯ ಗಂಟಿತ್ತು, ಅಲ್ಲಿ ನಾಲ್ಕು ಜನ ನಿಂತಿದ್ದರು, ನಾಳೆ ತಂದರಾಯಿತು ಅಂದುಕೊಂಡೆ. ಶುಕ್ರವಾರ ಮರೆತೇಹೋಯಿತು. ಶನಿವಾರ ಗಾಡಿಯಲ್ಲಿ ಅವಳು ಆ ಔಷಧಿಯ ಡಬ್ಬಿ ಬಾಯಿಗಿಟ್ಟು ಒತ್ತಿದಾಗ ಏನೂ ಬರಲಿಲ್ಲ. ನಾನು ಅದನ್ನು ಕಿತ್ತುಕೊಂಡು, ಅಲ್ಲಾಡಿಸಿ, ಅವಳ ಬಾಯಿಗಿಟ್ಟು ಎರಡು ಸಲ ಒತ್ತಿದೆ. ಖಾಲಿ ಅಂತ ಗೊತ್ತಿದ್ದೂ ಒತ್ತಿದೆ, ನಿನ್ನ ಭಾವನಿಗೆ ತಿಳಿಯದಿರಲಿ ಅಂತ. ಅವಳು ನನ್ನ ಮುಖ ನೋಡಿದಳು. ನಾನು ತರಲಿಲ್ಲ ಅನ್ನುವುದು ಅವಳಿಗೆ ಗೊತ್ತಾಯಿತು. ಅಪ್ಪನಿಗೆ ಹೇಳಲಿಲ್ಲ. ಕಿಟಕಿ ಇಳಿಸು ಅಂದಳು, ಅಷ್ಟೇ.

ಆಸ್ಪತ್ರೆಯಲ್ಲಿ ಇವರು ಟ್ಯಾಂಕಿನ ಮೇಲೆ ತಪ್ಪು ಹೊರಿಸಿದಾಗ ನಾನು ಸುಮ್ಮನಿದ್ದೆ. ಆಮೇಲೆ ಪ್ರತಿದಿನ ಸುಮ್ಮನಿದ್ದೆ. ಅವರು ಸಿಮೆಂಟಿನ ಮೇಲೆ ಹನಿ ಹುಡುಕುವಾಗಲೂ ಸುಮ್ಮನಿದ್ದೆ.

ಇವತ್ತು ಬೆಳಿಗ್ಗೆ ಸೇತುವೆಯ ಮೇಲೆ ಗಾಡಿ ನಿಲ್ಲಿಸಿದಾಗ ಎಲ್ಲ ಹೇಳಿದೆ. ಕೊನೆಗೆ ಅವರು ಒಂದೇ ಕೇಳಿದರು.

"ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು," ಅಂದೆ.

ಬೈಯಲಿಲ್ಲ. ಗಾಡಿ ತಿರುಗಿಸಿ ಮನೆಗೆ ತಂದು, ನನ್ನ ಕಡೆಯ ಬಾಗಿಲು ಬಿಗಿ ಅಂತ ತಾವೇ ಬಂದು ತೆರೆದುಕೊಟ್ಟು, ಶೆಡ್ಡಿಗೆ ಹೋದರು. ಊಟ ತೆಗೆದುಕೊಂಡು ಹೋದೆ, ಮುಟ್ಟಿಲ್ಲ. ಉಳಿಯ ಸದ್ದಿಲ್ಲ, ಗರಗಸದ ಸದ್ದಿಲ್ಲ. ಅವರು ಕ್ಷಮಿಸುತ್ತಾರೋ ಇಲ್ಲವೋ ನನಗೆ ತಿಳಿಯದು. ಕೇಳುವ ಬಾಯಿ ನನಗಿಲ್ಲ. ನೀನೂ ಅವಳನ್ನು ಎತ್ತಿ ಆಡಿಸಿದವಳು, ನಿನ್ನನ್ನೂ ಕೇಳಲಾರೆ.

ಒಂದು ಉಪಕಾರ ಮಾಡು. ಈ ಕಾಗದಕ್ಕೆ ಉತ್ತರ ನನಗೆ ಬರೆಯಬೇಡ. ನಿನ್ನ ಭಾವನಿಗೆ ಬರಿ. ಅವರಿಗೆ ಈ ಮನೆಯಲ್ಲಿ ಈಗ ಮಾತಾಡಲು ಯಾರೂ ಇಲ್ಲ.