ಹಸಿ, ಒಣ, ಕೊಳೆಯದ್ದು

ಜೂನ್ 3, ಮಂಗಳವಾರ. ಬೆಳಿಗ್ಗೆ 7

ಇವತ್ತಿನ ಪತ್ರಿಕೆಯಲ್ಲಿ ಒಂಬತ್ತು ತಪ್ಪು. ಮೊದಲ ಪುಟದಲ್ಲೇ ನಾಲ್ಕು. ‘ಪರಿಸರ ದಿನಕ್ಕೆ ಭರದ ಸಿದ್ಧತೆ’ ಎನ್ನುವುದು ‘ಬರದ ಸಿದ್ಧತೆ’ ಆಗಿದೆ. ಯಾರಿಗೆ ಗೊತ್ತು, ಅದೇ ಸರಿಯಿರಬಹುದು.

ಇವರು ಲೋಟ ಹಿಡಿದು ಹಿಂದೆ ನಿಂತಿದ್ದರು. “ಅಚ್ಚಾಗಿ ಮನೆಮನೆಗೆ ಹೋಗಿಬಿಟ್ಟಿದೆ ಕಣೇ. ಇನ್ನು ತಿದ್ದಿ ಯಾರಿಗೆ ಕಳಿಸ್ತೀಯ?”

“ನನ್ನ ಸಮಾಧಾನಕ್ಕೆ.”

“ಸಮಾಧಾನ ಆದ ಮುಖ ಅಲ್ವಲ್ಲ ಇದು.”

ನಿವೃತ್ತಿಯಾಗಿ ಆರು ವರ್ಷ. ಮೂವತ್ತನಾಲ್ಕು ವರ್ಷ ಕರಡು ತಿದ್ದಿದ ಕೈ. ಅದಕ್ಕೆ ನಿವೃತ್ತಿ ಗೊತ್ತಿಲ್ಲ.

ಒಳಪುಟದಲ್ಲಿ, ಜಾಹೀರಾತಿನ ಕಾಲಡಿ, ವಾರ್ಡ್ ಕಚೇರಿಯ ಪ್ರಕಟಣೆ. ಗ್ರಂಥಾಲಯದ ಹಿಂದಿನ ಗೊಬ್ಬರದ ಅಂಗಳವನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ. ಅಲ್ಲಿನ ಗೊಬ್ಬರವನ್ನು ನರ್ಸರಿಯವರು ಎರಡು ಸಲ ವಾಪಸು ಕಳಿಸಿದ್ದಾರೆ — ಪ್ಲಾಸ್ಟಿಕ್ ಜಾಸ್ತಿ. ಸೆಪ್ಟೆಂಬರ್ 6ಕ್ಕೆ ಕೊನೆಯ ಪರೀಕ್ಷೆ. ಅದರಲ್ಲೂ ಬಿದ್ದರೆ ಬೀಗ.

ಆ ಜಾಗದ ಜಾತಕ ನನಗೆ ಬಾಯಿಪಾಠ. ಮೊದಲು ಕೊಳ. ಆಮೇಲೆ ಕೊಳಕ್ಕೆ ಮಣ್ಣು ತುಂಬಿಸಿ ಈಜುಕೊಳ ಮಾಡುತ್ತೇವೆ ಎಂದರು (ಇದನ್ನು ಹೇಳುವಾಗ ಯಾರಿಗೂ ನಗು ಬರಲಿಲ್ಲ). ಆಮೇಲೆ ಕಲಾಮಂದಿರ. ಆಮೇಲೆ ಉದ್ಯಾನ. ಮೂರಕ್ಕೂ ಅಡಿಗಲ್ಲು ಬಿತ್ತು, ಮೂರರ ಕತ್ತರಿಸಿಟ್ಟ ಸುದ್ದಿಯೂ ನನ್ನ ಪೆಟ್ಟಿಗೆಯಲ್ಲಿದೆ. ಕೊನೆಗೆ ಆರು ಜನ ಹೆಂಗಸರು ಬಂದು, ಕಲ್ಲು ಹಾಕದೆ, ಕೆಲಸ ಶುರು ಮಾಡಿದರು. ಈಗ ಅದನ್ನು ಮುಚ್ಚುತ್ತಾರೆ!

ಸಂಪಾದಕರಿಗೆ ಪತ್ರ ಬರೆದೆ. ಎರಡು ಪುಟ. ಇವರು ಓದಿ, “ಖಾರ ಸರಿಯಾಗಿದೆ, ಉಪ್ಪು ಕಡಿಮೆ” ಎಂದರು. ಅಂಗಳವನ್ನು ಕಣ್ಣಾರೆ ನೋಡಿಯೇ ಇಲ್ಲವಲ್ಲ ನೀನು, ಎಂದೂ ಅಂದರು. ನಿಜ. ನೋಡಿಲ್ಲ.

ಜೂನ್ 5, ಗುರುವಾರ

ನೋಡಿ ಬಂದೆ.

ಮೂರು ಅಡಿಗಲ್ಲೂ ಅಲ್ಲೇ ಇವೆ. ಈಜುಕೊಳದ್ದು ಟಾರ್ಪಾಲು ಹಾರದ ಹಾಗೆ ಮೇಲಿಡಲು. ಉದ್ಯಾನದ್ದು ಕೂರಲು. ಕಲಾಮಂದಿರದ ಮೇಲೆ ಚಹದ ಫ್ಲಾಸ್ಕ್. ಮಂತ್ರಿಗಳ ಹೆಸರು ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ಮುಖ್ಯಸ್ಥೆಯನ್ನು ಎಲ್ಲರೂ ಗೊಬ್ಬರದಕ್ಕ ಎನ್ನುತ್ತಾರೆ. ಐವತ್ತರ ಹತ್ತಿರ. ಹದಿನೈದು ವರ್ಷ ಕಸದ ಲಾರಿಯ ಮೇಲೆ ನಿಂತು, ಬರಿಗೈಯಲ್ಲಿ ಎಲ್ಲರ ಮನೆಯ ಎಲ್ಲವನ್ನೂ ಬೇರೆ ಮಾಡಿದವರು. ಅಂಗಳ ಮುಚ್ಚಿದರೆ ಆರೂ ಜನ ಮತ್ತೆ ಲಾರಿ ಹತ್ತಬೇಕು. ಅದನ್ನು ಹೇಳುವಾಗ ಮಾತ್ರ ಅವರ ನಗು ನಿಂತಿತು. ಪ್ರತಿ ಶನಿವಾರ ನಾಲ್ಕಕ್ಕೆ ಗ್ರಂಥಾಲಯದ ಹಾಲಿನಲ್ಲಿ ಅವರದೇ ಪಾಠವಂತೆ — ಕಸ ಹೇಗೆ ಬೇರೆ ಮಾಡಬೇಕು, ಮಣ್ಣು ಹೇಗೆ ಆಗುತ್ತದೆ. ಹನ್ನೊಂದು ಜನ ಬರುತ್ತಾರೆ. “ಅದರಲ್ಲಿ ನಾಲ್ಕು ಜನ ಫ್ಯಾನ್ ಕೆಳಗೆ ಕೂರಕ್ಕೆ” ಎಂದರು.

ಜರಡಿ ಹಿಡಿದು ತೋರಿಸಿದರು. ಮೇಲೆ ಉಳಿದದ್ದೆಲ್ಲ ಹಾಲಿನ ಪ್ಯಾಕೆಟ್ಟಿನ ಚೂರು.

“ನಾಚಿಕೆಗೆಟ್ಟ ಜನ” ಎಂದೆ.

“ಜನ ಒಳ್ಳೆಯವ್ರೇ ಮೇಡಂ. ಬೋರ್ಡ್ ಓದ್ತಾರೆ. ಅದೇ ತೊಂದ್ರೆ.”

ಬೋರ್ಡು ಅಂದರೆ ಪ್ರತಿ ಮನೆಬಾಗಿಲಿನ ಎರಡು ಡಬ್ಬದ ಮೇಲಿನ ಬರಹ: ಒಂದಕ್ಕೆ ‘ಹಸಿ ಕಸ’, ಇನ್ನೊಂದಕ್ಕೆ ‘ಒಣ ಕಸ’. ಪಾಠದಲ್ಲಿ ಪ್ಯಾಕೆಟ್ ತೊಳೆದು ಹಾಕಿ ಎಂದು ಹೇಳಿದ್ದಾರೆ. ಜನ ತೊಳೆದರು. ತೊಳೆದ ಪ್ಯಾಕೆಟ್ ಒದ್ದೆ. ಒದ್ದೆ ಅಂದರೆ ಹಸಿ. ಹಸಿ ಡಬ್ಬಕ್ಕೆ ಹಾಕಿದರು! ಒಣಗಿದ ನಿಂಬೆಸಿಪ್ಪೆ, ಒಣ ಎಲೆ — ಒಣ ಡಬ್ಬಕ್ಕೆ. ಬೇಕರಿಯವನಂತೂ ವಾರಕ್ಕೊಂದು ಚೀಲ ಹಳೇ ಬ್ರೆಡ್ಡನ್ನು ಒಣದ ಕಡೆ ಸುರಿಯುತ್ತಾನಂತೆ. ಕೇಳಿದರೆ, “ಇದಕ್ಕಿಂತ ಒಣಗಿರೋದು ಊರಲ್ಲಿ ಇನ್ನೇನಿದೆ ತೋರ್ಸಿ” ಅಂತಾನಂತೆ.

ಮೈ ಜುಮ್ಮೆಂದಿತು. ಇದು ಕಸದ ತಪ್ಪಲ್ಲ. ಪದದ ತಪ್ಪು! ನನ್ನ ಇಲಾಖೆ!

ಜೂನ್ 7, ಶನಿವಾರ. ರಾತ್ರಿ ಊಟಕ್ಕೆ ಮುಂಚೆ

ಎರಡು ದಿನ ನಿಘಂಟು ಹಾಸಿಕೊಂಡು ಕುಳಿತೆ. ಸಿಕ್ಕಿತು. ಹಸಿ-ಒಣ ಎರಡೂ ಬೇಡ. ಕೊಳೆಯುವುದು. ಕೊಳೆಯದ್ದು. ಇಷ್ಟೇ! ಅಚ್ಚಗನ್ನಡ, ವೈಜ್ಞಾನಿಕ, ಎರಡೇ ಪದ.

ಪಾಠದಲ್ಲಿ ಎದ್ದು ನಿಂತು ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆ — ಭಾಷೆ ಕೆಟ್ಟರೆ ಊರು ಹೇಗೆ ಕೆಡುತ್ತದೆ ಎಂಬಲ್ಲಿಂದ ಶುರು ಮಾಡಿದ್ದೆ. ಫ್ಯಾನಿನ ಕೆಳಗಿನ ನಾಲ್ವರೂ ಎಚ್ಚರವಾಗಿದ್ದರು. ಬೇಕರಿಯವನು ಚಪ್ಪಾಳೆ ತಟ್ಟಿದ.

ಗೊಬ್ಬರದಕ್ಕ ಮಾತ್ರ ಆ ಎರಡು ಪದವನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿದರು. “ಓದಿದವ್ರು ಹೇಳ್ತೀರಿ, ಸರಿ ಇರತ್ತೆ ಬಿಡಿ.”

ಇನ್ನೂರ ನಲವತ್ತು ಮನೆ. ಬೋರ್ಡ್ ಬರೆಯುವವನಿಂದ ಚೀಟಿ ಮಾಡಿಸಿ ಅಂಟಿಸುವುದೆಂದು ತೀರ್ಮಾನವಾಯಿತು. ಕರಡಿನಲ್ಲಿ ಒಂದೂ ಅಕ್ಷರ ತಪ್ಪಿಲ್ಲ. ನಾನೇ ನೋಡಿದ್ದೇನೆ.

ಜೂನ್ 24, ಮಂಗಳವಾರ

ಬರೆಯಲು ಮನಸ್ಸಿಲ್ಲ. ಆದರೂ.

ಬೆಳಿಗ್ಗೆ ಗೊಬ್ಬರದಕ್ಕನ ಫೋನು: “ಮೇಡಂ, ಸ್ವಲ್ಪ ಬಂದು ಹೋಗ್ತೀರಾ? ಮೂಗಿಗೆ ಬಟ್ಟೆ ಕಟ್ಕೊಂಡು ಬನ್ನಿ.”

ಗುಜರಿಗೆ ಮಾರುವ ಸಾಮಾನಿನ ಶೆಡ್ಡು. ಕೊಳೆಯದ್ದು ಸೇರಬೇಕಾದ ಜಾಗ. ಅಲ್ಲಿ ಕೊಳೆತ ಟೊಮೇಟೊ, ಹಳಸಿದ ಅನ್ನ, ಎಣ್ಣೆ ಮೆತ್ತಿದ ಕಾಗದ, ಯಾರದೋ ಮನೆಯ ಸಿಂಕಿನ ಜಾಲರಿಯಲ್ಲಿ ಸಿಕ್ಕಿಬಿದ್ದದ್ದು. ನೊಣ ಸಭೆ ಸೇರಿದ್ದವು. ಅತ್ತ ಗೊಬ್ಬರದ ರಾಶಿ ಹೊಟ್ಟೆಗಿಲ್ಲದೆ ತಣ್ಣಗೆ ಬಿದ್ದಿತ್ತು.

ಬೇಕರಿಯವನನ್ನು ಕರೆಸಿದೆ. ಜಗಳಕ್ಕೇ ಕರೆಸಿದೆ.

“ಕೊಳೆಯದ್ದು ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಇದನ್ನ ಯಾಕೆ ಹಾಕಿದ್ರಿ?”

“ಕೊಳೆಯದ್ದು ತಾನೇ? ಅದಕ್ಕೇ ಹಾಕಿದ್ದು.”

“ಕೊಳೆ-ಯ-ದ್ದು!”

“ಅದೇ ನಾನೂ ಹೇಳ್ತಿರೋದು. ಮನೆಯದ್ದು, ಕಡೆಯದ್ದು, ಕೊಳೆಯದ್ದು. ಕೊಳೆ ಇರೋದು.” ಅವನು ನನಗೆ ಬೆರಳು ಮಡಚಿ ಪಾಠ ಮಾಡಿದ. “ಕೊಳೆಯುವುದು ಅಂದ್ರೆ ಇನ್ಮೇಲೆ ಕೊಳೆಯೋದು. ತಾಜಾ ಸಿಪ್ಪೆ ಗಿಪ್ಪೆ. ಕೊಳೆಯದ್ದು ಅಂದ್ರೆ ಆಗ್ಲೇ ಕೊಳೆ ಆಗೋಗಿರೋದು. ಒಂದು ಭವಿಷ್ಯತ್ ಕಾಲ, ಒಂದು ಭೂತಕಾಲ. ನಮ್ಮ ಬೀದೀಲಿ ಎಲ್ರಿಗೂ ನಾನೇ ಬಿಡಿಸಿ ಹೇಳ್ಕೊಟ್ಟೆ. ನಾನೂ ವ್ಯಾಕರಣ ಓದಿದೀನಿ ಮೇಡಂ!”

“ಮತ್ತೆ ಪ್ಲಾಸ್ಟಿಕ್ಕು?”

“ಅದು ಎರಡೂ ಅಲ್ವಲ್ಲ. ಅದಕ್ಕೆ ಪಾಪ ಅಂತ ಎರಡಕ್ಕೂ ಸ್ವಲ್ಪ ಸ್ವಲ್ಪ ಹಾಕಿದ್ವಿ.”

ಉದ್ಯಾನದ ಕಲ್ಲಿನ ಮೇಲೆ ಕೂತುಬಿಟ್ಟೆ. ಅವನು ಹೇಳಿದ್ದು ಸರಿ. ಅಕ್ಷರ ಅಕ್ಷರ ಸರಿ. ಒಂದೇ ಪದ, ಎರಡು ಅರ್ಥ. ಒಂದಕ್ಕೊಂದು ಉಲ್ಟಾ. ಇನ್ನೂರ ನಲವತ್ತು ಬಾಗಿಲಿಗೆ ನಾನೇ ಅಂಟಿಸಿದ್ದೇನೆ. ಊರಿನವರ ಒತ್ತು, ದೀರ್ಘ, ಕೊಂಬು ಹಿಡಿದು ಜಾಲಾಡಿದವಳು!

ಎರಡೂವರೆ ವಾರ ಹಾಳು. ರಾಶಿ ಹೊಸದಾಗಿ ಕಟ್ಟಬೇಕು. ಹಣ್ಣಾಗಲು ಅರವತ್ತು ದಿನ. ಗೊಬ್ಬರದಕ್ಕ ಮುಖಕ್ಕೆ ಬಟ್ಟೆ ಬಿಗಿದುಕೊಂಡು ಶೆಡ್ಡಿಗೆ ಇಳಿದರು. ಕೈಯಲ್ಲಿ ಬೇರೆ ಮಾಡತೊಡಗಿದರು. ಲಾರಿಯ ಮೇಲೆ ಮಾಡುತ್ತಿದ್ದ ಹಾಗೆಯೇ. ನನ್ನ ಪದದಿಂದ.

ಸೀರೆ ಎತ್ತಿ ಕಟ್ಟಿ ನಾನೂ ಇಳಿದೆ. ಬೇಡ ಎಂದರು. ಬಿಡಲಿಲ್ಲ. ಮೂರು ಗಂಟೆ. ಬೇಕರಿಯವನೂ ತಲೆ ಕೆರೆದುಕೊಳ್ಳುತ್ತಾ ಇಳಿದ.

ಮನೆಗೆ ಬಂದು ಇವರಿಗೆ ಹೇಳಿದೆ. ಮೊದಲು ಗಂಭೀರವಾಗಿ ಕೇಳಿದರು. ಆಮೇಲೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕರು. ಗೋಡೆ ತೆಳು. ಕೇಳಿಸಿತು. ಸ್ವಲ್ಪ ಹೊತ್ತಿಗೆ ನನಗೂ ತಡೆಯಲಾಗಲಿಲ್ಲ.

ಜೂನ್ 28, ಶನಿವಾರ

ಪಾಠದಲ್ಲಿ ಹಿಂದಿನ ಬೆಂಚು. ಬಾಯಿಗೆ ಬೀಗ.

ಗೊಬ್ಬರದಕ್ಕ ಇವತ್ತು ಏನೂ ಹೇಳಿಕೊಡಲಿಲ್ಲ. ಬುಟ್ಟಿ ತಂದಿದ್ದರು. ಒಂದೊಂದೇ ಸಾಮಾನು ತೆಗೆದು ಒಬ್ಬೊಬ್ಬರ ಕೈಗೆ ಕೊಟ್ಟರು. ಒಂದೇ ಪ್ರಶ್ನೆ: “ಇದು ಕೊನೆಗೆ ಎಲ್ಲಿಗೆ ಹೋಗ್ಬೇಕು?”

ಬಾಳೆಸಿಪ್ಪೆ, ಇಸ್ತ್ರಿಯವನ ಕೈಗೆ. “ಮಣ್ಣಿಗೆ.”

ಒದ್ದೆ ಹಾಲಿನ ಪ್ಯಾಕೆಟ್, ಫ್ಲಾಟಿನ ಸೆಕ್ರೆಟರಿಯ ಕೈಗೆ. “ಗುಜರಿಗೆ.”

ಒಣ ಬ್ರೆಡ್. ಬೇಕರಿಯವನು ಅದನ್ನು ಹಿಂದೆ ಮುಂದೆ ತಿರುಗಿಸಿದ, ಬೆಂಚಿಗೆ ಕುಟ್ಟಿ ನೋಡಿದ, ನಿಟ್ಟುಸಿರು ಬಿಟ್ಟ. “ಮಣ್ಣಿಗೆ.”

ಕ್ಷೌರದವನು ಕೂದಲ ಪೊಟ್ಟಣ ತಂದಿದ್ದ. “ಮಣ್ಣಿಗಾ?” “ಮಣ್ಣಿಗೇ, ಆದ್ರೆ ಒಂದೇ ಸಲ ಸುರೀಬೇಡಿ” ಎಂದರು ಅಕ್ಕ. ಒಬ್ಬರೂ ತಪ್ಪಲಿಲ್ಲ. ಹನ್ನೊಂದರಲ್ಲಿ ಹನ್ನೊಂದು!

“ನೋಡಿ, ನಿಮ್ಮ ಬಾಯಲ್ಲೇ ಇತ್ತು” ಎಂದರು. “ಡಬ್ಬಕ್ಕೆ ಅದನ್ನೇ ಬರೆಯೋಣ. ಮಣ್ಣಿಗೆ. ಗುಜರಿಗೆ.”

ವಸ್ತು ಹೇಗಿದೆ ಎಂದು ನಾವೆಲ್ಲ ಬರೆಯುತ್ತಾ ಬಂದೆವು. ಆಕೆ ಎಲ್ಲಿಗೆ ಹೋಗಬೇಕೆಂದು ಬರೆಸಿದರು. ಮೂವತ್ತನಾಲ್ಕು ವರ್ಷದಲ್ಲಿ ನನಗೆ ಹೊಳೆಯದ ಮಾತು.

ಕ್ಷೌರದವನದೊಂದು ಆಕ್ಷೇಪ: “ಬಾಗಿಲ ಮೇಲೆ ‘ಮಣ್ಣಿಗೆ’ ಅಂತಿದ್ರೆ, ನೆಂಟರು ಬಂದು ಯಾರು ಹೋದ್ರು ಅಂತ ಅಳಲ್ವಾ?”

“ಅತ್ತರೆ ಅಳಲಿ” ಎಂದರು ಸೆಕ್ರೆಟರಿ. “ನಮ್ಮನೆಗೆ ಬರೋರು ಬೇಗ ವಾಪಸ್ ಹೋಗ್ತಾರೆ.”

ಜುಲೈ 2

ಹೊಸ ಚೀಟಿ ಅಂಟಿಸಿದ್ದಾಯಿತು. ಹಳೆಯದನ್ನು ಉಗುರಲ್ಲಿ ಕೆರೆದು ತೆಗೆದೆ. ಇನ್ನೂರ ನಲವತ್ತು. ಪ್ರಾಯಶ್ಚಿತ್ತ.

ಜುಲೈ 19, ಶನಿವಾರ

ರಾಶಿ ಬಿಸಿಯಾಗಿದೆ! ಅಕ್ಕ ಕಬ್ಬಿಣದ ಸರಳು ಒಳಗೆ ತೂರಿ, ಹತ್ತು ನಿಮಿಷ ಬಿಟ್ಟು ಹೊರಗೆಳೆದು, “ಹಿಡೀರಿ” ಎಂದರು. ಹಿಡಿಯಲಾಗಲಿಲ್ಲ. ಸಿಪ್ಪೆ, ಎಲೆ, ಬ್ರೆಡ್ಡು — ಒಲೆಯಿಲ್ಲದೆ ಬೇಯುತ್ತಿವೆ. ನಾನು ಓದಿದ ಪುಸ್ತಕಗಳಲ್ಲಿ ಇದು ಇತ್ತು. ಅಂಗೈಯಲ್ಲಿ ಇರಲಿಲ್ಲ.

ಪಾಠಕ್ಕೆ ನಲವತ್ತು ಜನ. ಫ್ಯಾನಿನ ಕೆಳಗೆ ಜಾಗವಿಲ್ಲ.

ಆಗಸ್ಟ್ 9

ಬೇಕರಿಯವನು ದಿನ ಮುಗಿದ ಮೇಲೆ ಉಳಿಯುವಷ್ಟು ಬ್ರೆಡ್ಡು ಮಾಡುವುದನ್ನೇ ನಿಲ್ಲಿಸಿದ್ದಾನೆ. “ಮಣ್ಣಿಗೆ ಅಂತ ಓದಿದಾಗೆಲ್ಲ ಕೈ ಹಿಂದೆ ಬರತ್ತೆ ಮೇಡಂ. ಅಷ್ಟು ನಾದಿರ್ತೀನಿ.” ಬೀದಿ ತುದಿಯ ಟೈಲರಮ್ಮ ಚೂರುಬಟ್ಟೆಯಲ್ಲಿ ಚೀಲ ಹೊಲಿಯುತ್ತಿದ್ದಾಳೆ. ಅಂಗಡಿಗಳು ಮುಂಚಿತವಾಗಿ ಹೇಳಿಡುತ್ತಿವೆ. ಗುಜರಿಯವನು ಈಗ ಗೊಬ್ಬರದಕ್ಕನಿಗೆ ಕಾದು ಕೂರುತ್ತಾನೆ. ಇಷ್ಟು ಶುಚಿ ಸಾಮಾನು ಬೇರೆಲ್ಲೂ ಸಿಗುವುದಿಲ್ಲವಂತೆ.

ಸಂಪಾದಕರಿಗೆ ಪತ್ರ ಬರೆದೆ. ಜೀವಮಾನದಲ್ಲಿ ಮೊದಲ ಹೊಗಳಿಕೆಯ ಪತ್ರ. ಫೋನ್ ಬಂತು: “ಮೇಡಂ, ಹುಷಾರಾಗಿದೀರಾ?”

ಸೆಪ್ಟೆಂಬರ್ 6, ಶನಿವಾರ. ಸಂಜೆ

ಬರೆಯುವ ಆತುರ, ಅಕ್ಷರ ಕ್ಷಮಿಸಲಿ.

ಹತ್ತು ಗಂಟೆಗೆ ನರ್ಸರಿಯವರು ಜರಡಿಯ ಸಮೇತ ಬಂದರು. ವಾರ್ಡಿನ ಇಂಜಿನಿಯರರ ಜೇಬಿನಲ್ಲಿ ಮಡಚಿದ ಬೀಗದ ನೋಟಿಸು — ತುದಿ ಕಾಣುತ್ತಿತ್ತು. ಆರೂ ಹೆಂಗಸರು ಸಾಲಾಗಿ ನಿಂತಿದ್ದರು. ಅರ್ಧ ಬೀದಿ ಗೇಟಿನ ಹೊರಗೆ. ಬೇಕರಿ ಇವತ್ತು ಬಾಗಿಲೇ ತೆಗೆದಿರಲಿಲ್ಲ.

ನರ್ಸರಿಯವರು ತಮಗೆ ತೋಚಿದ ಮೂಲೆಯಿಂದ ಒಂದು ಮೂಟೆ ತುಂಬಿಸಿದರು. ಸುರಿದರು. ಜರಡಿ ಆಡಿಸಿದರು. ಕಪ್ಪನೆಯ ಪುಡಿ ಸರ್ ಸರ್ ಎಂದು ಇಳಿಯಿತು. ಮೇಲೆ ಉಳಿದವು — ಮೊಟ್ಟೆಯ ಓಡು, ಎರಡು ಮಾವಿನ ಗೊರಟೆ, ಒಂದು ಹೇರ್‌ಪಿನ್ನು.

ಪ್ಲಾಸ್ಟಿಕ್ ಇಲ್ಲ.

ಇನ್ನೊಂದು ಮೂಟೆ ಎಂದರು. ಮತ್ತೆ ಜರಡಿ. ಇಲ್ಲ. ಮೂರನೆಯದು. ಇಲ್ಲ! ಹಿಡಿ ತುಂಬ ಎತ್ತಿ ಮೂಸಿದರು. ಮುಖವೇ ಬದಲಾಯಿತು.

“ಯಾರ್ರೀ ಮಾಡಿದ್ದು ಇದನ್ನ?”

“ಬೀದಿಯವ್ರು” ಎಂದರು ಗೊಬ್ಬರದಕ್ಕ.

“ಅಲ್ಲ, ಹೇಳಿಕೊಟ್ಟೋರು ಯಾರು?”

ಎಲ್ಲರೂ ಆಕೆಯನ್ನೇ ನೋಡಿದರು. ನರ್ಸರಿಯವರು, ಇನ್ನು ಮುಂದೆ ಆಗುವಷ್ಟೂ ಗೊಬ್ಬರ ತಮಗೇ ಬೇಕು ಎಂದರು. ಇಂಜಿನಿಯರ್ ನೋಟಿಸನ್ನು ಇನ್ನೂ ಒಳಕ್ಕೆ ತಳ್ಳಿ ಗಂಟಲು ಸರಿಮಾಡಿಕೊಂಡರು. ಅಂಗಳ ಉಳಿಯುತ್ತದೆ; ಪಕ್ಕದ ವಾರ್ಡಿನವರಿಗೂ ಪಾಠ ಬೇಕಂತೆ, ನಾಳೆಯಿಂದಲೇ ಆದೀತೇ ಎಂದರು. ಪಾಠ ಮಾಡುವವರ ಫಾರಂ ಚಾಚಿದರು. ಅಲ್ಲಿ ‘ಹುದ್ದೆ’ ಎಂಬ ಖಾನೆ.

ಅಕ್ಕ ಪೆನ್ನು ಹಿಡಿದು ನನ್ನ ಕಡೆ ತಿರುಗಿದರು. “ಇಲ್ಲಿ ಏನ್ ಬರೀಲಿ ಮೇಡಂ?”

ನಾಲಿಗೆಯ ತುದಿಗೆ ಆರೇಳು ಪದ ಬಂದವು. ನುಂಗಿಕೊಂಡೆ. “ಶನಿವಾರ ಏನ್ ಮಾಡ್ತೀರೋ ಅದನ್ನೇ ಬರೀರಿ.”

ಒಂದೊಂದೇ ಅಕ್ಷರ ಕೂಡಿಸಿ ಬರೆದರು: ಟೀಚರ್.

“ಅಂಥ ಪೋಸ್ಟ್ ನಮ್ಮಲ್ಲಿ ಇಲ್ವಲ್ಲಮ್ಮ” ಎಂದರು ಇಂಜಿನಿಯರ್. ನಾನು ಬಾಯಿ ತೆರೆಯುವ ಮೊದಲೇ ಗೇಟಿನಿಂದ ಬೇಕರಿಯವನ ಕೂಗು: “ಇವತ್ತಿಂದ ಇದೆ ಸಾರ್! ವರ್ತಮಾನ ಕಾಲ!”

ಬೀದಿ ಹೋ ಎಂದಿತು. ಇಂಜಿನಿಯರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಸಹಿ ಹಾಕಿದರು. ಅಕ್ಕ ಆ ಫಾರಮ್ಮಿನ ಮೇಲೆ ಊದಿದರು. ಬಾಲ್ ಪೆನ್ನು, ಒಣಗಲು ಏನೂ ಇರಲಿಲ್ಲ. ಆದರೂ ಊದಿದರು.

ಸೆಪ್ಟೆಂಬರ್ 7, ಭಾನುವಾರ. ಬೆಳಿಗ್ಗೆ 6.40

ಪತ್ರಿಕೆ ಬಂದು ಬಿದ್ದಿದೆ. ಮಡಿಕೆ ಬಿಚ್ಚಿಲ್ಲ. ಏಳಕ್ಕೆ ಪಕ್ಕದ ವಾರ್ಡಿನಲ್ಲಿ ಪಾಠ. ಟೀಚರ್ ಮುಂದೆ, ಬುಟ್ಟಿ ಹೊತ್ತು ನಾನು ಹಿಂದೆ. ಒಂದು ಹಾಲಿನ ಪ್ಯಾಕೆಟ್ಟನ್ನು ಇವರೇ ತೊಳೆದು, ಬೇಕೆಂದೇ ಒದ್ದೆಯಾಗಿ ಇಟ್ಟುಕೊಟ್ಟಿದ್ದಾರೆ.

ಅಲ್ಲಿಯವರ ಬಾಯಲ್ಲಿ ಬೇರೆಯೇ ಪದ ಇದ್ದರೆ? ಇರಲಿ. ಅವರ ಡಬ್ಬ, ಅವರ ಮಾತು. ಕೇಳಿಸಿಕೊಂಡು ಬಂದು ಇಲ್ಲಿ ಬರೆದಿಡು—

ಆಟೋ ಹಾರ್ನು. “ಮೇಡಂ, ಟೀಚರ್ ಲೇಟಾಗಿ ಹೋಗಬಾರ್ದು!” ಎಂದು ಕೆಳಗಿನಿಂದ ಅಕ್ಕನ ಕೂಗು. ಬಂದೆ ಕಣ್ರೀ, ಬುಟ್ಟಿ ಎಲ್ಲಿ